ಬರೀ ಹಾಡುಗಳು, ಸಾರ್

ವಿಜಯಪುರದಲ್ಲಿರುವ ನನ್ನ ಖಾಲಾ, ಅಂದರೆ ತಾಯಿಯ ತಂಗಿ, 2016ರಲ್ಲಿ ಉರ್ದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದರು. ಆಗ ಕೈಗೆ ಬಂದ ಹಣದಲ್ಲಿ ಅವರು ತಮಗಾಗಿ ಕೊಂಡ ಏಕೈಕ ವಸ್ತುವೆಂದರೆ ಒಂದು ಲ್ಯಾಪ್‌ಟಾಪ್. ಉಳಿದದ್ದು ಮನೆಯ ಮೇಲಂತಸ್ತಿಗೂ ಮಗಳ ಮದುವೆಗೂ ಹೋಯಿತು. 2024ರ ಆಗಸ್ಟ್‌ನಲ್ಲಿ ಆ ಯಂತ್ರ ಜಡವಾಗತೊಡಗಿತು. ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವಂತೆ. ಒಂದು ಫೈಲು ತೆರೆಯಹೋದರೆ ಎಲ್ಲವೂ ಸ್ತಬ್ಧ. ನಡುನಡುವೆ ಒಳಗಿನಿಂದ ಟಿಕ್ ಟಿಕ್ ಸದ್ದು, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದ ಹಾಗೆ. ಕೊನೆಗೊಂದು ಬೆಳಿಗ್ಗೆ, ಡಿಸ್ಕನ್ನು ಪರೀಕ್ಷಿಸಿ ದುರಸ್ತಿ ಮಾಡಲಾಗುತ್ತಿದೆ ಎಂಬ ಇಂಗ್ಲಿಷ್ ಸಾಲು ಮೂಡಿತು. ಶೇಕಡಾ 11ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು.

ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ರೋಗನಿರ್ಣಯ. ಖಾಲೂಜಾನ್ ಧೂಳು ಎಂದರು. ಮೊಮ್ಮಗ ವೈರಸ್ ಎಂದ. ಪಕ್ಕದ ಮನೆಯವರು ನಜರ್ ಎಂದರಂತೆ. ಮೂರರಲ್ಲಿ ಅದೊಂದಕ್ಕೇ ಖರ್ಚಿಲ್ಲದ ಮದ್ದಿತ್ತು. ಮಗ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಒಯ್ದ. ಅಂಗಡಿಯವನು ಐದು ನಿಮಿಷ ನೋಡಿ, ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಬೇಕು, ಸಾವಿರದೈನೂರು ರೂಪಾಯಿ ಎಂದ. ಹಾಗೆ ಹೇಳಿ, ಕರ್ತವ್ಯದ ಪ್ರಶ್ನೆಯನ್ನೂ ಕೇಳಿದ: ಒಳಗೆ ಮುಖ್ಯವಾದದ್ದೇನಾದರೂ ಇದೆಯೇ?

‘ಇಲ್ಲ ಸಾರ್, ಬರೀ ಹಾಡುಗಳು. ಅಮ್ಮಿಯದು.’

ಈ ಮಾತನ್ನು ಮಗನೇ ರಾತ್ರಿ ಊಟದ ಹೊತ್ತಿಗೆ ತಾಯಿಗೆ ವರದಿ ಮಾಡಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮನೆಯ ಪತ್ರ, ಆಧಾರ್, ಬ್ಯಾಂಕಿನ ಕಾಗದಗಳೆಲ್ಲ ಅವನ ಮೊಬೈಲಿನಲ್ಲಿ ಭದ್ರವಾಗಿದ್ದವು. ಖಾಲಾ ಅನ್ನ ಬಡಿಸುವುದನ್ನು ಬಿಟ್ಟು ಎದ್ದು ಹೋಗಿ ನನಗೆ ಫೋನು ಮಾಡಿದರು. ಯಂತ್ರದ ಬಗ್ಗೆ ಕೇಳಲೇ ಇಲ್ಲ. ‘ಫಾರ್ಮ್ಯಾಟ್ ಅಂದರೆ ಅಳಿಸೋದಾ?’ ಎಂದಷ್ಟೇ ಕೇಳಿದರು.

ಆ ‘ಬರೀ ಹಾಡು’ಗಳ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ನಾನಿ ಬೀಸುಕಲ್ಲಿನ ಮುಂದೆ ಕೂತರೆ ದಖನಿಯಲ್ಲಿ ಹಾಡುತ್ತಿದ್ದರು. ಜೋಳ ಮುಗಿಯುವವರೆಗೆ ಹಾಡು ಮುಗಿಯುತ್ತಿರಲಿಲ್ಲ. ಬಿಜಾಪುರ ಸೀಮೆಯ ಮುಸ್ಲಿಮ್ ಹೆಂಗಸರಲ್ಲಿ ಇದು ಹಳೆಯ ವಾಡಿಕೆ. ಇಲ್ಲಿನ ಚಿಶ್ತಿ ಸೂಫಿಗಳ ಪರಂಪರೆಯಲ್ಲಿ ಬೀಸುವಾಗ ಹಾಡುವ ಚಕ್ಕಿನಾಮಾ, ನೂಲುವಾಗ ಹಾಡುವ ಚರಖಾನಾಮಾ ಎಂಬ ಪದ್ಯಗಳೇ ಇವೆ. ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ತಮ್ಮ ಬಿಜಾಪುರದ ಸೂಫಿಗಳ ಕುರಿತ ಪುಸ್ತಕದಲ್ಲಿ ಇವುಗಳಿಗೆ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಖಾನ್‌ಖಾಹಿನ ಮಾತು ಅಡುಗೆಮನೆಯೊಳಕ್ಕೆ ಬಂದದ್ದು ಹೆಂಗಸರ ಬಾಯಿಂದ, ಬೀಸುಕಲ್ಲಿನ ಲಯದಲ್ಲಿ ಎಂಬುದು ಅವರ ವಾದ. ಖಾಲಾ ಆ ಪುಸ್ತಕವನ್ನು ಓದಿದವರಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಹಾಡುವವರು ಕಡಿಮೆಯಾಗುತ್ತಿದ್ದಾರೆ ಎಂಬುದನ್ನು ಕಂಡು, 2009ರಿಂದ ರಜೆಯ ದಿನಗಳಲ್ಲಿ ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ಕಡೆಗೆ ಬಸ್ಸು ಹತ್ತುತ್ತಿದ್ದರು. ಮುದುಕಿಯರ ಎದುರು ಮೊಬೈಲು ಇಟ್ಟು ಹಾಡಿಸುತ್ತಿದ್ದರು. ಹೀಗೆ ಕೂಡಿದವು ನೂರಾ ಎಂಬತ್ತು ಚಿಲ್ಲರೆ ಹಾಡುಗಳು. ಹಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗ ಇಲ್ಲ. ಖಾಲಾ ಅವನ್ನು ಕೇಳಿ ಕೇಳಿ ಉರ್ದು ಲಿಪಿಯಲ್ಲಿ ಬರೆದಿದ್ದರು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ. ಎಲ್ಲವೂ ಆ ಒಂದೇ ಯಂತ್ರದೊಳಗೆ.

ಗಂಡಸರ ಕಾಗದಕ್ಕೆ ದಾಖಲೆ ಎನ್ನುತ್ತೇವೆ, ಹೆಂಗಸರ ಹಾಡಿಗೆ ‘ಬರೀ’ ಎಂಬ ವಿಶೇಷಣ ಹಚ್ಚುತ್ತೇವೆ. ಇದನ್ನು ನಾನು ಫೋನಿನಲ್ಲಿ ಹೇಳಲಿಲ್ಲ. ಹೇಳುವ ಹೊತ್ತು ಅದಲ್ಲ. ಹೇಳಿದ್ದು ಎರಡೇ ಮಾತು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತು ಯಂತ್ರವನ್ನು ವಾಪಸು ತರಿಸಿ. ತಂದ ಮೇಲೆ ಯಾರೂ ಅದರ ಗುಂಡಿ ಒತ್ತಬೇಡಿ.

ಕಥೆ ಬರೆಯುವವಳಿಗೆ ಹಾರ್ಡ್ ಡಿಸ್ಕಿನ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನಾನು ಏಳನೆಯವರೆಗೆ ಉರ್ದು, ಆಮೇಲೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎರಡೂ ಲಿಪಿ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಡಿಟಿಪಿ ಕೆಲಸ ಸಿಕ್ಕಿತು. ಮದುವೆ ಕಾರ್ಡಿನ ಒಂದು ಮಗ್ಗುಲು ಇನ್‌ಪೇಜ್‌ನಲ್ಲಿ, ಇನ್ನೊಂದು ಮಗ್ಗುಲು ನುಡಿಯಲ್ಲಿ. ಅಲ್ಲಿ ಸತ್ತ ಡಿಸ್ಕುಗಳದ್ದೇ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಮೊದಲು ನಕಲು, ಆಮೇಲೆ ದುರಸ್ತಿ ಎಂಬ ಪಾಠವನ್ನು ನಾನು ಕಲಿತದ್ದು ಆ ಪೆಟ್ಟಿಗೆಯ ಪಕ್ಕದಲ್ಲಿ ಕೂತು.

ಬೀಸುಕಲ್ಲು ನೋಡಿದವರಿಗೆ ಹಾರ್ಡ್ ಡಿಸ್ಕನ್ನು ವಿವರಿಸುವುದು ಕಷ್ಟವಲ್ಲ. ಒಳಗೆ ಗಾಜಿನ ಅಥವಾ ಅಲ್ಯುಮಿನಿಯಮ್ಮಿನ ನುಣುಪಾದ ತಟ್ಟೆ, ಅದರ ಮೇಲೆ ಕಾಂತಗುಣದ ತೆಳು ಲೇಪ. ಖಾಲಾರ ಲ್ಯಾಪ್‌ಟಾಪಿನಂಥದ್ದರಲ್ಲಿ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಸೆಕೆಂಡಿಗೆ ತೊಂಬತ್ತು. ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತದೆ. ಕೂದಲೆಳೆಯ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲಿನಷ್ಟು ಎತ್ತರ. ಬೀಸುಕಲ್ಲಿನ ಕೆಲಸವೇ ಉಜ್ಜುವುದು. ಇಲ್ಲಿ ಉಜ್ಜಿದರೆ ಕೆಲಸ ಕೆಟ್ಟಿತು. ಆಗಲೂ ಹಿಟ್ಟು ಉದುರುತ್ತದೆ, ಆದರೆ ಉದುರುವುದು ಬರೆದಿಟ್ಟದ್ದೇ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕಿನಲ್ಲಿ 24 ಇಂಚು ಅಗಲದ ಐವತ್ತು ತಟ್ಟೆಗಳಿದ್ದವು, ಒಂದೊಂದೂ ನಮ್ಮ ನಾನಿಯ ಬೀಸುಕಲ್ಲಿಗಿಂತ ಅಗಲ. ಅಷ್ಟೆಲ್ಲಾ ಸೇರಿ ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರ. ಈಗಿನ ಒಂದು ಹಾಡಿಗೆ ಅದು ಸಾಕಾಗಬಹುದು.

500 ಜಿಬಿಯ ಡಿಸ್ಕಿನಲ್ಲಿ, 512 ಬೈಟಿಗೆ ಒಂದು ಖಾನೆ ಎಂದು ಎಣಿಸಿದರೆ, 97 ಕೋಟಿಗೂ ಹೆಚ್ಚು ಖಾನೆಗಳಿರುತ್ತವೆ. ಅವುಗಳಲ್ಲಿ ಕೆಲವು ಹಾಳಾಗುವುದು ಸಾಮಾನ್ಯ. ಆಗ ಡಿಸ್ಕು ತಾನಾಗಿಯೇ ಮೀಸಲಿನ ಖಾನೆಗೆ ಬದಲಾಯಿಸಿಕೊಳ್ಳುತ್ತದೆ, ನಮಗೆ ತಿಳಿಯುವುದೂ ಇಲ್ಲ. ತೊಂದರೆ ಬರುವುದು ಓದಲಾಗದ ಖಾನೆ ಎದುರಾದಾಗ. ಡಿಸ್ಕು ಹಟ ಹಿಡಿದು ಮತ್ತೆ ಮತ್ತೆ ಓದುತ್ತದೆ. ಯಂತ್ರ ಸ್ತಬ್ಧವಾಗುವುದು ಈ ಹಟದಿಂದ. ಓದಲಾಗದ ಖಾನೆಯನ್ನು ಅದು ‘ಬಾಕಿ’ ಎಂದು ಬರೆದಿಟ್ಟುಕೊಳ್ಳುತ್ತದೆ. ಅದರ ಮೇಲೆ ಹೊಸದೇನಾದರೂ ಬರೆದರೆ ಸಾಕು, ಬಾಕಿ ತೀರುತ್ತದೆ, ದೋಷ ಮಾಯವಾಗುತ್ತದೆ. ಅಲ್ಲಿದ್ದ ಹಳೆಯದೂ ಮಾಯವಾಗುತ್ತದೆ.

ಗಮನಿಸಬೇಕಾದದ್ದು ಇದನ್ನೇ. ದುರಸ್ತಿ ಎಂಬುದು ಡಿಸ್ಕಿನ ದುರಸ್ತಿ, ನಮ್ಮ ಸಾಮಗ್ರಿಯದ್ದಲ್ಲ. ವಿಂಡೋಸಿನ ಚೆಕ್‌ಡಿಸ್ಕ್ ಎಂಬ ಪರೀಕ್ಷಕ ಆರೋಗ್ಯವಂತ ಡಿಸ್ಕಿನ ಮೇಲೆ ಒಳ್ಳೆಯ ಕೆಲಸಗಾರ. ಸಾಯುತ್ತಿರುವ ಡಿಸ್ಕಿನ ಮೇಲೆ ಬಿಟ್ಟರೆ ಇಡೀ ಮೇಲ್ಮೈಯನ್ನು ಗುಡಿಸಿ ದಣಿಸುತ್ತದೆ, ಹೊಂದಿಕೆಯಾಗದ ಫೈಲುಗಳನ್ನು ಹೆಸರಿಲ್ಲದ ತುಂಡುಗಳಾಗಿ ಮೂಲೆಗೆ ಒಟ್ಟುತ್ತದೆ. ಪೂರ್ಣ ಫಾರ್ಮ್ಯಾಟ್ ಅಂತೂ ವಿಸ್ತಾ ಆವೃತ್ತಿಯ ನಂತರ ಪ್ರತಿ ಖಾನೆಯ ಮೇಲೂ ಸೊನ್ನೆ ಬರೆಯುತ್ತದೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಸಾವಿರದೈನೂರಕ್ಕೆ ಲ್ಯಾಪ್‌ಟಾಪ್ ನಿಜಕ್ಕೂ ಕೆಲವು ವಾರ ಓಡುತ್ತಿತ್ತು.

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಐದು ತಾಸು. ಚೀಲದಲ್ಲಿ ನನ್ನ ಲ್ಯಾಪ್‌ಟಾಪ್, ಲಿನಕ್ಸ್ ತುಂಬಿದ ಒಂದು ಪೆನ್ ಡ್ರೈವ್, ಖಾಲಿ 1 ಟಿಬಿ ಡಿಸ್ಕು, ಒಂದು ಜೋಡಣೆಯ ಕೇಬಲು, ಚಿಕ್ಕ ಸ್ಕ್ರೂ ಡ್ರೈವರು. ಖಾಲಾರ ಯಂತ್ರವನ್ನು ಅದರದ್ದೇ ವಿಂಡೋಸಿನಿಂದ ಎಬ್ಬಿಸಲಿಲ್ಲ. ವಿಂಡೋಸ್ ಎದ್ದಿತೆಂದರೆ ಕೇಳದೆಯೇ ಡಿಸ್ಕಿನ ಮೇಲೆ ಏನಾದರೂ ಗೀಚುತ್ತಲೇ ಇರುತ್ತದೆ. ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಡಿಸ್ಕು ತನ್ನ ಬಗ್ಗೆ ತಾನೇ ಇಡುವ ಲೆಕ್ಕಪುಸ್ತಕವನ್ನು ಮಾತ್ರ ಓದಿದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಐದನೆಯ ಸಾಲು ಬದಲಾಯಿಸಿದ ಖಾನೆಗಳದ್ದು, 197ನೆಯದು ಬಾಕಿಯದ್ದು, 199ನೆಯದು ಸಾಗಣೆಯಲ್ಲಾದ ತಪ್ಪುಗಳದ್ದು. 199ರಲ್ಲಿ ಅಂಕಿ ಏರಿದ್ದರೆ ಕೇಬಲನ್ನೋ ಜೋಡಣೆಯನ್ನೋ ಶಂಕಿಸಬೇಕು. ಕೆಲವೊಮ್ಮೆ ಕಿತ್ತು ಮತ್ತೆ ಸಿಕ್ಕಿಸಿದರೆ ಎಲ್ಲವೂ ಸರಿಹೋಗುತ್ತದೆ. ಆ ಆಸೆ ನನಗೂ ಇತ್ತು. 199ರಲ್ಲಿ ಸೊನ್ನೆ. 197ರಲ್ಲಿ 312. ಹತ್ತು ನಿಮಿಷ ಬಿಟ್ಟು ನೋಡಿದರೆ 340.

2007ರಲ್ಲಿ ಗೂಗಲಿನ ಮೂವರು ಸಂಶೋಧಕರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೈಕೊಡುವ ಸಂಭವ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿತ್ತು. ಅದೇ ಅಧ್ಯಯನದ ಇನ್ನೊಂದು ಮಾತು ಇದಕ್ಕಿಂತ ಭಯದ್ದು: ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಸೂಚಕಗಳಲ್ಲಿ ಒಂದರಲ್ಲೂ ಎಚ್ಚರಿಕೆ ಕೊಟ್ಟಿರಲಿಲ್ಲ. ಖಾಲಾರ ಡಿಸ್ಕು ಲೊಚಗುಟ್ಟಿದ್ದು ಒಂದು ಉಪಕಾರವೆಂದೇ ನಾನು ತಿಳಿದೆ.

ಎರಡು ಸ್ಕ್ರೂ ತೆಗೆದು ಡಿಸ್ಕನ್ನು ಹೊರತೆಗೆದು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅಷ್ಟರಲ್ಲಿ ಮೊಮ್ಮಗ ಒಂದು ವಿಡಿಯೋ ತೋರಿಸಿದ. ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಜೀವ ಬರುತ್ತದಂತೆ. ಹೊರತೆಗೆದ ಕೂಡಲೇ ತಣ್ಣನೆಯ ತಟ್ಟೆಯ ಮೇಲೆ ಹನಿ ಕೂಡುತ್ತದೆ, ಆ ಹನಿಯ ಮೇಲೆ ತಲೆ ಓಡಿದರೆ ಏನಾಗುತ್ತದೆ ಎಂದು ಕೇಳಿದೆ. ಹುಡುಗ ಜಾಣ, ವಿಡಿಯೋ ಮುಚ್ಚಿದ.

ಬಳಸಿದ ತಂತ್ರಾಂಶ ಡಿಡಿರೆಸ್ಕ್ಯೂ, ಉಚಿತ. ಅದರ ಬುದ್ಧಿವಂತಿಕೆ ಇರುವುದು ಸರದಿಯಲ್ಲಿ. ಸಾಮಾನ್ಯ ನಕಲು ಮಾಡಿದರೆ ಮೊದಲ ಹಾಳು ಖಾನೆಯ ಮುಂದೆಯೇ ಗಂಟೆಗಟ್ಟಲೆ ಕೂತುಬಿಡುತ್ತದೆ. ಇದು ಹಾಗಲ್ಲ. ಹಾಳು ಜಾಗ ಸಿಕ್ಕಿದರೆ ಜಗಳವಾಡದೆ ಮುಂದಕ್ಕೆ ಹಾರಿ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಆಮೇಲೆ ಹಿಂದಿರುಗಿ ಬಂದು ಹಾಳು ಜಾಗದ ಅಂಚುಗಳನ್ನು, ಕೊನೆಗೆ ಒಂದೊಂದೇ ಖಾನೆಯನ್ನು ಕೆರೆಯುತ್ತದೆ. ಎಲ್ಲಿಯವರೆಗೆ ಬಂದೆ, ಯಾವುದನ್ನು ಬಿಟ್ಟೆ ಎಂಬುದನ್ನು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಡುತ್ತದೆ. ರಾತ್ರಿ ಎರಡರ ಸುಮಾರಿಗೆ ಕರೆಂಟು ಹೋಯಿತು. ನನ್ನ ಬ್ಯಾಟರಿ ಎರಡು ತಾಸು ಉಸಿರು ಹಿಡಿದು ಕೈಬಿಟ್ಟಿತು. ಕರೆಂಟು ಬಂದದ್ದು ಬೆಳಿಗ್ಗೆ ಏಳಕ್ಕೆ. ನಕ್ಷೆಯಿದ್ದ ಕಾರಣ ನಿಂತಲ್ಲಿಂದಲೇ ಮುಂದುವರಿಯಿತು. ಖಾಲಾ ಆ ರಾತ್ರಿ ಮಲಗಲಿಲ್ಲ. ಫಜರ್ ಮುಗಿಸಿ ಬಂದು, ನಿಂತ ಡಿಸ್ಕಿನ ಮೇಲೆ ಬೆರಳಿಟ್ಟು ನೋಡಿ, ‘ಗರಮ್ ನೈ ಹೈ’ ಎಂದು ಒಳಗೆ ಹೋದರು.

ಮೂರನೆಯ ದಿನದ ಸಂಜೆಗೆ ಓದಲಾಗದೆ ಉಳಿದದ್ದು 41 ಎಂಬಿ. 500 ಜಿಬಿಯ ಎದುರು ಇದು ಏನೂ ಅಲ್ಲ ಎನ್ನಬಹುದು. ಆದರೆ ಆ 41 ಎಂಬಿ ಯಾವುದರ ಹೊಟ್ಟೆಯಿಂದ ಹೋಯಿತು ಎಂಬುದೇ ಪ್ರಶ್ನೆ. ಅದನ್ನು ಕಂಡುಹಿಡಿಯಲೂ ದಾರಿಯಿದೆ. ನಕಲಿನಲ್ಲಿ ಖಾಲಿ ಉಳಿದ ಜಾಗಗಳಿಗೆಲ್ಲ ಒಂದು ಗುರುತಿನ ಪದವನ್ನು ತುಂಬಿಸಿ, ಆ ಪದ ಯಾವ ಯಾವ ಫೈಲುಗಳಲ್ಲಿ ಸಿಗುತ್ತದೆಂದು ಹುಡುಕಬೇಕು. ಬಹುಪಾಲು ರಂಧ್ರಗಳು ವಿಂಡೋಸಿನ ಸ್ವಂತ ಫೈಲುಗಳಲ್ಲೂ ಮದುವೆಯ ಒಂದು ವಿಡಿಯೋದಲ್ಲೂ ಇದ್ದವು. ಹಾಡುಗಳ ಪೈಕಿ ನಾಲ್ಕಕ್ಕೆ ಏಟು ಬಿದ್ದಿತ್ತು.

ಅವುಗಳಲ್ಲಿ ಮೂರು, ಹಳೆಯ ಗುಂಡಿ ಮೊಬೈಲಿನಲ್ಲಿ ಎ.ಎಂ.ಆರ್. ಎಂಬ ರೂಪದಲ್ಲಿ ಮುದ್ರಿಸಿದವು. ಅದು ಕಳಪೆ ದನಿ, ಬಾವಿಯೊಳಗಿಂದ ಹಾಡಿದಂತೆ ಕೇಳುತ್ತದೆ. ಆದರೆ ಅದರಲ್ಲಿ ದನಿಯ ಚೂರುಗಳು ಒಂದರ ಹಿಂದೊಂದು ಸ್ವತಂತ್ರವಾಗಿ ಸಾಲುಗಟ್ಟಿರುತ್ತವೆ. ನಡುವೆ ಒಂದಿಷ್ಟು ಹೋದರೆ ಅಷ್ಟು ಹೊತ್ತು ಮೌನ, ಮತ್ತೆ ಹಾಡು. ನಾಲ್ಕನೆಯದು ಹೊಸ ಮೊಬೈಲಿನದು, ಸ್ವಚ್ಛ ದನಿಯ ಎಂ4ಎ. ಈ ಜಾತಿಯ ಫೈಲಿನಲ್ಲಿ ಯಾವ ಚೂರು ಎಲ್ಲಿದೆ ಎಂಬ ಸೂಚಿ ಬೇರೆಯೇ ಇರುತ್ತದೆ, ಮೊಬೈಲುಗಳು ಸಾಮಾನ್ಯವಾಗಿ ಅದನ್ನು ಕೊನೆಗೆ ಬರೆಯುತ್ತವೆ. ರಂಧ್ರ ಬಿದ್ದದ್ದು ನಡುವೆ ಒಂದು ಕಡೆ, ಮತ್ತೆ ಸರಿಯಾಗಿ ಆ ಸೂಚಿಯ ಮೇಲೆ. ಫೈಲು ತೆರೆಯಲೇ ಇಲ್ಲ. ಹಾಡಿದ್ದವರು ಇಂಡಿಯ ಕಡೆಯ ಒಬ್ಬ ಅಜ್ಜಿ. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅವರದ್ದು ಇದ್ದದ್ದು ಅದೊಂದೇ ಹಾಡು, ಹನ್ನೊಂದು ನಿಮಿಷದ್ದು. ಖಾಲಾ ಅದನ್ನಿನ್ನೂ ಬರೆದಿಟ್ಟುಕೊಂಡಿರಲಿಲ್ಲ.

ಅದೇ ಮೊಬೈಲಿನ ಇನ್ನೊಂದು ಆರೋಗ್ಯವಂತ ಫೈಲನ್ನು ಮಾದರಿಯಾಗಿ ಕೊಟ್ಟರೆ ಕಳೆದ ಸೂಚಿಯನ್ನು ಊಹಿಸಿ ಕಟ್ಟುವ ತಂತ್ರಾಂಶವೊಂದಿದೆ. ಹುಬ್ಬಳ್ಳಿಗೆ ಮರಳಿ ಎರಡು ರಾತ್ರಿ ಅದರ ಹಿಂದೆ ಬಿದ್ದೆ. ನಾಲ್ಕು ನಿಮಿಷದ ದನಿ ಸಿಕ್ಕಿತು. ರಂಧ್ರದ ನಂತರದ್ದು ಬರೀ ಗರಗರ.

ಉಳಿದದ್ದನ್ನು ಉಳಿಸಿದ್ದಾಯಿತು ಎಂದುಕೊಂಡರೆ ಅಲ್ಲಿಗೂ ಮುಗಿಯಲಿಲ್ಲ. ನಕಲಾದ ಬರಹಗಳನ್ನು ನನ್ನ ಯಂತ್ರದಲ್ಲಿ ತೆರೆದರೆ, ಹಳೆಯ ನುಡಿ ಅಕ್ಷರಶೈಲಿ ಇಲ್ಲದ ಕಾರಣ ಕನ್ನಡದ ಅರ್ಥವಿವರಣೆಯೆಲ್ಲ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಬೈಟುಗಳು ಒಂದೂ ಕಳೆದಿಲ್ಲ, ಆದರೆ ಓದಲು ಬರುವುದಿಲ್ಲ. ಉರ್ದುವಿನ ಪಾಡೂ ಅದೇ. ಮಿರ್ಜಾ ಅಹ್ಮದ್ ಜಮೀಲ್ 1981ರಲ್ಲಿ ಸಾವಿರಾರು ಅಕ್ಷರಸಂಯೋಗಗಳನ್ನು ಕೈಯಿಂದ ಬರೆದು ನೂರಿ ನಸ್ತಾಲೀಖನ್ನು ರೂಪಿಸಿದರು. 1994ರಲ್ಲಿ ದೆಹಲಿಯಲ್ಲಿ ತಯಾರಾದ ಇನ್‌ಪೇಜ್ ಅದನ್ನು ನಮ್ಮಂಥವರ ಮೇಜಿಗೆ ತಂದಿತು. ಕಾತಿಬರ ಕೆಲಸ ಹೋಯಿತು, ನನ್ನಂಥವರಿಗೆ ಕೆಲಸ ಸಿಕ್ಕಿತು. ಆದರೆ ಹಳೆಯ ಇನ್‌ಪೇಜ್ ಫೈಲನ್ನು ಇನ್‌ಪೇಜ್ ಇಲ್ಲದೆ ಓದಲಾಗದು. ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ. ತಿರುಗಿಸಿದರೆ ಪದಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಅಲಿಫ್, ದಾಲ್, ರೇ, ವಾವ್ ಮುಂದಿನ ಅಕ್ಷರಕ್ಕೆ ಕೂಡುವುದಿಲ್ಲವಲ್ಲ, ಹಾಗಾಗಿ ಆ ಅಕ್ಷರಗಳಲ್ಲಿ ಮುಗಿಯುವ ಪದದ ನಂತರ ನಾವ್ಯಾರೂ ಖಾಲಿ ಜಾಗ ಬಿಡುತ್ತಿರಲಿಲ್ಲ. ಕಣ್ಣಿಗೆ ಬೇರೆಯಾಗಿ ಕಾಣುತ್ತಿತ್ತು, ಸಾಕಿತ್ತು. ಈಗ ಯಂತ್ರಕ್ಕೆ ಅದೆಲ್ಲ ಒಂದೇ ಪದ. ಅದರಲ್ಲೂ ನಕ್ಕೋ, ಹೌ, ಕೈಕು ಎನ್ನುವ ದಖನಿಯನ್ನು ಯಾವ ಕಾಗುಣಿತ ಪರೀಕ್ಷಕವೂ ಉರ್ದು ಎಂದು ಒಪ್ಪುವುದಿಲ್ಲ, ಎಲ್ಲದರ ಕೆಳಗೂ ಕೆಂಪು ಗೆರೆ ಎಳೆಯುತ್ತದೆ. ಇದನ್ನು ತಿದ್ದಲು ಕೂತು ಓದುವ ಮನುಷ್ಯರೇ ಬೇಕು.

ಖಾಲಾರ ಲ್ಯಾಪ್‌ಟಾಪಿಗೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದೆ. ಅದು ಚುರುಕು, ಆದರೆ ಲೊಚಗುಟ್ಟುವುದಿಲ್ಲ. ಕೆಡುವಾಗ ಸದ್ದಿಲ್ಲದೆ ಕೆಡುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಪೋಷಣೆಯೂ ನಿಂತ ಮೇಲೆ ಅದರಲ್ಲಿ ಲಿನಕ್ಸ್ ಹೂಡಿದೆ. ಖಾಲಾ ಒಂದು ವಾರ ಗೊಣಗಿ ಸುಮ್ಮನಾದರು. ಹಾಡುಗಳ ಒಂದು ಪ್ರತಿ ಅವರಲ್ಲಿದೆ, ಒಂದು ಹುಬ್ಬಳ್ಳಿಯಲ್ಲಿ ನನ್ನ ಕಪಾಟಿನಲ್ಲಿ. ಮೂರನೆಯದನ್ನು ಕಲಬುರಗಿಯಲ್ಲಿ ಕೆಲಸ ಮಾಡುವ ಅವರ ಮಗ ತಾನಾಗಿಯೇ ಕೇಳಿ ತೆಗೆದುಕೊಂಡು ಹೋದ. ರಾತ್ರಿ ಊಟದ ಮೇಲೆ ಕೇಳುತ್ತಾನಂತೆ, ನಾನಿಯ ದನಿ ಇರುವ ಎರಡನ್ನು.

ಇಂಡಿಯ ಅಜ್ಜಿಯ ಹಾಡನ್ನು ನಾನಿಯೂ ಹಾಡುತ್ತಿದ್ದರು, ಖಾಲಾರಿಗೆ ಅದು ಬಾಯಿಪಾಠ. ಹೋದ ಏಳು ನಿಮಿಷವನ್ನು ನೀವೇ ಹಾಡಿ ತುಂಬಿಸಿಬಿಡಿ ಎಂದೆ. ಒಪ್ಪಲಿಲ್ಲ. ‘ಅವರ ನುಡಿಗಳು ಬೇರೆ ಇದ್ದವು. ಒಂದೆರಡು ಕೇಳಿದಾಗ ನಾನು ನಕ್ಕಿದ್ದು ನೆನಪಿದೆ, ಏನಿತ್ತು ಅಂತ ನೆನಪಿಲ್ಲ. ನಮ್ಮದನ್ನ ಅಲ್ಲಿ ಹಾಕೋದು ನಕ್ಕೋ.’ ಈಗ ಅವರು ದಿನಕ್ಕೆ ಎರಡೋ ಮೂರೋ ಹಾಡು ಯೂನಿಕೋಡಿನಲ್ಲಿ ತಿದ್ದಿ ಕಳುಹಿಸುತ್ತಾರೆ. ಅಜ್ಜಿಯ ಹಾಡಿನ ಪುಟ ಮೊನ್ನೆ ಬಂತು. ನಾಲ್ಕು ನಿಮಿಷಕ್ಕೆ ಸಿಕ್ಕ ಒಂಬತ್ತು ನುಡಿಗಳು, ಅದರ ಕೆಳಗೆ ಪುಟದ ತುದಿಯವರೆಗೂ ಚುಕ್ಕಿಗಳ ಸಾಲು. ನಾನಿಯ ಪಾಠವನ್ನು ಬೇರೆ ಹಾಳೆಯಲ್ಲಿ, ಬೇರೆ ಸಂಖ್ಯೆ ಕೊಟ್ಟು ಕಳುಹಿಸಿದ್ದಾರೆ.